ನೋವಿನ ಮಾತ್ರೆಯ ಬೆಲೆಯಲ್ಲಿ ಇಷ್ಟೊಂದು ಅಂತರವೇಕೆ?

ಪ್ರಶ್ನೆ: ನನ್ನ ತಾಯಿಗೆ 68 ವರ್ಷ. ಮಂಡಿನೋವಿಗೆಂದು ವೈದ್ಯರು ಅಸೆಕ್ಲೋಫೆನಾಕ್ ಮತ್ತು ಪ್ಯಾರಾಸಿಟಮಾಲ್ ಕೂಡಿರುವ ಮಾತ್ರೆಯನ್ನು ಒಂದು ಕಂಪನಿಯ ಹೆಸರಿನಲ್ಲಿ ಬರೆದುಕೊಟ್ಟಿದ್ದಾರೆ. ಅದೇ ಔಷಧ ಜನೌಷಧಿ ಕೇಂದ್ರದಲ್ಲಿ ಬಹಳ ಅಗ್ಗವೆಂದು ನೆರೆಯವರು ಹೇಳುತ್ತಾರೆ. ಆದರೆ ನಮ್ಮ ಮೆಡಿಕಲ್ ಸ್ಟೋರಿನವರು ಚೀಟಿಯಲ್ಲಿ ಇರುವುದನ್ನು ಬಿಟ್ಟು ಬೇರೆಯದನ್ನು ಕೊಡಲು ಒಪ್ಪುವುದಿಲ್ಲ. ನಮಗೆ ಆರೋಗ್ಯ ವಿಮೆ ಇಲ್ಲ. ಏನು ಮಾಡಬಹುದು?
– ಓದುಗರೊಬ್ಬರು, ತಿಪಟೂರು

ಉತ್ತರ: ವಿಮೆ ಇಲ್ಲವೆಂದು ಈ ಖರ್ಚಿನ ಮಟ್ಟಿಗೆ ನೀವು ಹೆಚ್ಚು ಕೊರಗಬೇಕಾಗಿಲ್ಲ. ನಮ್ಮಲ್ಲಿನ ಬಹುಪಾಲು ಪಾಲಿಸಿಗಳು ಆಸ್ಪತ್ರೆಗೆ ದಾಖಲಾದಾಗಿನ ವೆಚ್ಚವನ್ನು ಭರಿಸುತ್ತವೆಯೇ ಹೊರತು, ಹೊರರೋಗಿಯಾಗಿ ತೋರಿಸಿಕೊಂಡು ತಿಂಗಳು ತಿಂಗಳು ಕೊಳ್ಳುವ ಮಾತ್ರೆಗಳ ಬೆಲೆಯನ್ನಲ್ಲ.

ಬೆಲೆಯ ಅಂತರಕ್ಕೆ ಕಾರಣ ಬೇರೆ. 2013ರ ಔಷಧ ಬೆಲೆ ನಿಯಂತ್ರಣ ಆದೇಶದಂತೆ, ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿರುವ ಔಷಧಗಳಿಗೆ ಸರ್ಕಾರ ಗರಿಷ್ಠ ಬೆಲೆಯನ್ನು ಗೊತ್ತುಪಡಿಸುತ್ತದೆ. ಮಾರುಕಟ್ಟೆಯಲ್ಲಿ ಕನಿಷ್ಠ ಶೇ. 1ರಷ್ಟು ಪಾಲುಳ್ಳ ಬ್ರ್ಯಾಂಡ್‌ಗಳು ಅಂಗಡಿಗೆ ಮಾರುವ ದರದ ಸರಾಸರಿ ತೆಗೆದು, ಅದಕ್ಕೆ ಅಂಗಡಿಯವರ ಲಾಭವೆಂದು ಶೇ. 16 ಸೇರಿಸುವುದು ಅದರ ಕ್ರಮ. ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಈ ಪಟ್ಟಿಯಲ್ಲಿವೆ, ಅಸೆಕ್ಲೋಫೆನಾಕ್ ಇಲ್ಲ. ಪಟ್ಟಿಯ ಹೊರಗಿನ ಔಷಧಗಳಿಗೆ ಸಾಮಾನ್ಯವಾಗಿ ಕಂಪನಿಯೇ ಬೆಲೆ ಇಡುತ್ತದೆ, ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸಬಾರದೆಂಬುದೊಂದೇ ಕಟ್ಟು. ಹೀಗಾಗಿ ಒಂದೇ ಔಷಧ, ಒಂದೇ ಪ್ರಮಾಣ ಇದ್ದರೂ ಪೊಟ್ಟಣದ ಮೇಲಿನ ಹೆಸರು ಬದಲಾದಂತೆ ಬೆಲೆಯೂ ಬದಲಾಗುತ್ತದೆ. ಪ್ರಚಾರಕ್ಕಾಗಿ ಕಂಪನಿ ಮಾಡುವ ಖರ್ಚನ್ನು ಕೊನೆಗೆ ತೆರುವವರು ನಿಮ್ಮಂಥವರೇ.

ಅಂಗಡಿಯವರನ್ನು ದೂರಬೇಡಿ. ಎಚ್ ಷೆಡ್ಯೂಲಿನ, ಅಂದರೆ ವೈದ್ಯರ ಚೀಟಿ ಇದ್ದರಷ್ಟೇ ಮಾರಬಹುದಾದ, ಔಷಧವನ್ನು ವೈದ್ಯರು ಒಂದು ಹೆಸರಿನಲ್ಲಿ ಬರೆದಿರುವಾಗ ಅದರ ಬದಲಿಗೆ ಇನ್ನೊಂದನ್ನು ಕೊಡಲು ಔಷಧ ನಿಯಮಗಳು ಅವರಿಗೆ ಅವಕಾಶ ಕೊಡುವುದಿಲ್ಲ. ಆದ್ದರಿಂದ ಕೇಳಬೇಕಾದದ್ದು ವೈದ್ಯರನ್ನು: “ಡಾಕ್ಟ್ರೇ, ಜೆನರಿಕ್ ಹೆಸರಿನಲ್ಲಿ ಬರೆದುಕೊಡ್ತೀರಾ?” ಎಂದರೆ ಸಾಕು (ಜೆನರಿಕ್ ಹೆಸರೆಂದರೆ ಕಂಪನಿ ಇಟ್ಟ ಹೆಸರಲ್ಲ, ಔಷಧದ್ದೇ ಹೆಸರು), ಇದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ. ಆ ಚೀಟಿಯೊಡನೆ ಜನೌಷಧಿ ಕೇಂದ್ರಕ್ಕೆ ಹೋದರೆ ಸಾಮಾನ್ಯವಾಗಿ ಅರ್ಧ ಬೆಲೆಗೋ ಅದಕ್ಕಿಂತ ಕಡಿಮೆಗೋ ಔಷಧ ದೊರೆಯುತ್ತದೆ. ಅಲ್ಲಿ ಎಲ್ಲ ಔಷಧಗಳೂ ಸದಾ ಇರುವುದಿಲ್ಲವಾದ್ದರಿಂದ ಮೊದಲೇ ಫೋನ್ ಮಾಡಿ ವಿಚಾರಿಸುವುದು ಒಳ್ಳೆಯದು. ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿದರೆ, ಅಲ್ಲಿ ದಾಸ್ತಾನಿರುವ ನೋವಿನ ಮಾತ್ರೆಗಳು ಉಚಿತವಾಗಿಯೇ ಸಿಗುತ್ತವೆ.

ಆದರೆ ಅಗ್ಗವೆಂದು ನೀವಾಗಿಯೇ ಡೈಕ್ಲೋಫೆನಾಕ್‌ಗೆ ಬದಲಾಯಿಸಬೇಡಿ. ತಾಯಿಯವರಿಗೆ ರಕ್ತದೊತ್ತಡ, ಮೂತ್ರಪಿಂಡ ಅಥವಾ ಹೃದಯದ ತೊಂದರೆ, ಹೊಟ್ಟೆಯ ಹುಣ್ಣು ಇವುಗಳಲ್ಲಿ ಯಾವುದಿದ್ದರೂ ಅಸೆಕ್ಲೋಫೆನಾಕ್, ಡೈಕ್ಲೋಫೆನಾಕ್, ಐಬುಪ್ರೊಫೆನ್ ಸೇರಿದ ಗುಂಪಿನ ಯಾವ ಮಾತ್ರೆಯೂ, ಈಗಿನದೂ ಸೇರಿದಂತೆ, ಹಾನಿ ಮಾಡಬಹುದು. ವೈದ್ಯರಿಗೆ ಇದನ್ನು ತಿಳಿಸಿ. ಈಗಿನ ಮಾತ್ರೆಯಲ್ಲಿ ಪ್ಯಾರಾಸಿಟಮಾಲ್ ಇರುವುದರಿಂದ ಜ್ವರ ಬಂದಾಗ ಮತ್ತೊಂದು ಪ್ಯಾರಾಸಿಟಮಾಲ್ ನುಂಗಿಸಿದರೆ ಪ್ರಮಾಣ ಮೀರುವ ಅಪಾಯವೂ ಇದೆ.

ಇನ್ನೊಂದು ವಿಷಯ: ಹೊಸ ಮಾತ್ರೆ ಒಗ್ಗುವುದೋ ಇಲ್ಲವೋ ಎಂಬ ಅನುಮಾನವಿದ್ದರೆ ಮೊದಲು ಐದೇ ಮಾತ್ರೆ ಕೇಳಿ. ಬಿಡಿಯಾಗಿ ಕೊಟ್ಟಾಗ ಇಡೀ ಸ್ಟ್ರಿಪ್ಪಿನ ಬೆಲೆಗೆ ಅನುಪಾತವಾಗಿಯೇ ಹಣ ಪಡೆಯಬೇಕು, ಹೆಚ್ಚಿಗೆ ಕೇಳುವಂತಿಲ್ಲ.