ಸಂಗಮ ಕಂಪಿಲರಾಯನ ಅಳಿಯನೇ? ಒಂದು ಮನೆತನದ ಕಡತವನ್ನು ಕುರಿತು ಸಂಪಾದಕರ ಉತ್ತರ

ಓದುಗರ ಪತ್ರದ ಸಾರ: ಕುಮ್ಮಟದುರ್ಗದ ಮೇಲಿನ ನಿಮ್ಮ ಲೇಖನದಲ್ಲಿ, ವಿಜಯನಗರ ಕಟ್ಟಿದ ಹರಿಹರ–ಬುಕ್ಕರಿಗೂ ಅವರಿಗೆ ತುಸು ಮೊದಲು ಆ ದುರ್ಗದಿಂದ ಆಳಿದ ಕಂಪಿಲರಾಯನಿಗೂ ನೆಂಟಸ್ತನವಿತ್ತೆನ್ನಲು ಆ ಕಾಲದ ಆಧಾರವಿಲ್ಲವೆಂದು ಬರೆದಿದ್ದೀರಿ. ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಕಾಪಾಡಿಕೊಂಡು ಬಂದ ಕಡತದಲ್ಲಿ, ಹರಿಹರನ ತಂದೆ ಸಂಗಮನು ಕಂಪಿಲನ ಅಳಿಯನೆಂದೂ ನಮ್ಮ ಮನೆತನವು ಕಂಪಿಲನ ಕಿರಿಯ ಮಗನಿಂದ ಬಂದದ್ದೆಂದೂ ಬರೆದಿದೆ. ಮನೆತನಗಳ ವಂಶಾವಳಿ ಹೇಳುವ ಹೆಳವರು ಬಂದಾಗಲೂ ಇದನ್ನೇ ಹೇಳುತ್ತಾರೆ. ಶಾಸನಗಳಲ್ಲಿಯೂ ಸುಳ್ಳು ಇರುವಾಗ ನಮ್ಮ ಕಡತವನ್ನಷ್ಟೇ ಅನುಮಾನಿಸುವುದು ಯಾವ ನ್ಯಾಯ? ಇದರಿಂದ ಕಂಪಿಲನ ಮಗ ಕುಮಾರರಾಮನ ಹೆಸರಿಗೂ ಕುಂದು ಬಂದಿದೆ. ಕಡತದ ಜೆರಾಕ್ಸ್ ಪ್ರತಿ ಲಗತ್ತಿಸಿದ್ದೇನೆ. ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಪ್ರಕಟಿಸಬೇಕು. (ಗಂಗಾವತಿ ತಾಲೂಕಿನ ಓದುಗರೊಬ್ಬರು)

ಮಾನ್ಯರೇ,

ತಮ್ಮ ಪತ್ರವನ್ನೂ ಅದರೊಂದಿಗೆ ಬಂದ ಪ್ರತಿಯನ್ನೂ ಪೂರ್ತಿಯಾಗಿ ಓದಿದ್ದೇವೆ. ಮೋಡಿ ಲಿಪಿಯಲ್ಲಿದ್ದ ಮೊದಲ ಎರಡು ಹಾಳೆಗಳನ್ನು ಬಲ್ಲವರಿಂದ ಓದಿಸಿದೆವು. ಉಳಿದ ಕನ್ನಡ ಹಾಳೆಗಳನ್ನು ನಾವೇ ಓದಿದೆವು. ತಾವು ಕೇಳಿದ ತಿದ್ದುಪಡಿಯನ್ನು ಪ್ರಕಟಿಸಲು ನಮಗೆ ಸಾಧ್ಯವಾಗುತ್ತಿಲ್ಲ. ಆದರೆ ಕಡತವನ್ನು ಬದಿಗೆ ಸರಿಸಿ ಈ ಮಾತು ಹೇಳುತ್ತಿಲ್ಲವಾದ್ದರಿಂದ, ಕಾರಣಗಳನ್ನು ವಿವರವಾಗಿ ತಮ್ಮ ಮುಂದಿಡುವುದು ನಮ್ಮ ಕರ್ತವ್ಯ. ವಂಶಾವಳಿಯೊಂದನ್ನು ಇಡಿಯಾಗಿ ನಿಜವೆಂದು ಒಪ್ಪುವುದೂ ಇಡಿಯಾಗಿ ಸುಳ್ಳೆಂದು ತಳ್ಳುವುದೂ ಎರಡೂ ತಪ್ಪೆಂಬುದು ನಮ್ಮ ನಿಲುವು. ತಂದೆ–ಮಗ, ಮಾವ–ಅಳಿಯ ಎಂದು ಅದು ಹೇಳುವ ಒಂದೊಂದು ಸಂಬಂಧವನ್ನೂ ಬೇರೆಬೇರೆಯಾಗಿಯೇ ನೋಡಬೇಕು. ಅದನ್ನು ಯಾರು, ಯಾವಾಗ, ಯಾರ ಮುಂದಿಡಲು ಬರೆದರು ಎಂದು ಪ್ರತಿ ಸಲವೂ ಕೇಳಬೇಕು.

ಮೊದಲು ಕಡತವು ತನ್ನ ಬಗ್ಗೆ ತಾನೇ ಹೇಳುವುದನ್ನು ಗಮನಿಸೋಣ. ಕೊನೆಯ ಹಾಳೆಯಲ್ಲಿ ಫಸಲಿ 1266 ಎಂದಿದೆ. ಕಂದಾಯದ ಲೆಕ್ಕಕ್ಕೆ ಬಳಸುತ್ತಿದ್ದ ಈ ಫಸಲಿ ವರ್ಷಕ್ಕೆ 590 ಕೂಡಿಸಿದರೆ 1856 ಆಗುತ್ತದೆ. ನಿಜಾಮರು 1853ರಲ್ಲಿ ಕೃಷ್ಣಾ–ತುಂಗಭದ್ರೆಗಳ ನಡುವಿನ ರಾಯಚೂರು ದೋಆಬನ್ನು ಕಂಪನಿ ಸರಕಾರದ ಆಡಳಿತಕ್ಕೆ ಬಿಟ್ಟುಕೊಟ್ಟಿದ್ದರು. 1860ರಲ್ಲಿ ಅದು ಮರಳಿ ಅವರ ಕೈಸೇರಿತು. ತಮ್ಮ ಕಡತ ಈ ನಡುವಿನ ವರ್ಷಗಳದು. ಹೊಸ ಸರಕಾರ ಬಂದಾಗಲೆಲ್ಲ ವಂಶಪಾರಂಪರ್ಯದ ಹಕ್ಕುಳ್ಳ ವತನದಾರರು ತಮ್ಮ ಇನಾಮು ಹೊಲ ಯಾರಿಂದ ಬಂತು, ಯಾರ ಮಗ ಯಾರು, ಸನದು (ಹಕ್ಕುಪತ್ರ) ಎಲ್ಲಿದೆ ಎಂದು ತೋರಿಸಬೇಕಾಗುತ್ತಿತ್ತು. ತಮ್ಮ ಕಡತದಲ್ಲಿ ಹೆಸರುಗಳ ಪಟ್ಟಿಯ ಬೆನ್ನಿಗೇ ಹೊಲಗಳ ಎಲ್ಲೆಗಳೂ ಹಕ್ಕುಬಾಬತ್ತುಗಳೂ ಬರುವುದು ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಹೊಳೆಯಾಚೆಯ ಬಳ್ಳಾರಿ ಸೀಮೆಯಲ್ಲಿ ಇಂಥದೇ ಸಂದರ್ಭ ಅರ್ಧ ಶತಮಾನ ಮೊದಲೇ ಬಂದಿತ್ತು. 1800ರಲ್ಲಿ ಆ ಸೀಮೆ ಕಂಪನಿಗೆ ಸೇರಿ ಥಾಮಸ್ ಮನ್ರೋ ಅಲ್ಲಿ ಕಂದಾಯದ ವ್ಯವಸ್ಥೆ ಮಾಡುತ್ತಿದ್ದಾಗ, ಹಳೆಯ ದಾಖಲೆಗಳನ್ನು ಕೂಡಿಹಾಕುತ್ತಿದ್ದ ಕಾಲಿನ್ ಮೆಕೆಂಜಿಯ ಕಡೆಯವರು ಊರೂರಿನ ಕೈಫಿಯತ್ತುಗಳನ್ನು, ಅಂದರೆ ಸ್ಥಳೀಯ ವೃತ್ತಾಂತಗಳನ್ನು, ಬರೆಸಿಕೊಂಡರು. ಪಾಳೆಯಗಾರ ಮನೆತನಗಳು ತಮ್ಮ ಪೂರ್ವಿಕರನ್ನು ವಿಜಯನಗರದ ರಾಯರ ಹತ್ತಿರಕ್ಕೆ, ಅವರಿಗೂ ಹಿಂದಿನ ದೊರೆಗಳ ಹತ್ತಿರಕ್ಕೆ ಒಯ್ಯುವ ಪ್ರವೃತ್ತಿ ಆ ಬರಹಗಳಲ್ಲಿ ಸಾಮಾನ್ಯವಾಗಿ ಕಾಣುತ್ತದೆ. ಇಷ್ಟರಿಂದ ತಮ್ಮ ಕಡತ ಸುಳ್ಳೆಂದಾಗುವುದಿಲ್ಲ. ಅದು 1856ಕ್ಕೆ, ಅದಕ್ಕೆ ಹಿಂದಿನ ಮೂರ್ನಾಲ್ಕು ತಲೆಮಾರಿಗೆ ಬಲವಾದ ಸಾಕ್ಷಿ. ಕಂಪಿಲನ ಕಾಲವಾದ 1327ಕ್ಕೆ ಅಷ್ಟೇ ಬಲದ ಸಾಕ್ಷಿಯಾಗಲಾರದು.

ಕಡತದಲ್ಲಿ ಕಂಪಿಲನಿಂದ ಆರಂಭಿಸಿ 1856ರಲ್ಲಿದ್ದ ಯಜಮಾನರವರೆಗೆ 11 ಹೆಸರುಗಳಿವೆ. ಕಂಪಿಲ ಅಳಿದದ್ದು 1327ರಲ್ಲಿ. ಅಂದಿನಿಂದ 1856ಕ್ಕೆ 529 ವರ್ಷ. ಹನ್ನೊಂದು ಹೆಸರುಗಳ ನಡುವೆ ಹತ್ತು ತಲೆಮಾರಿನ ಅಂತರವಿರುವುದರಿಂದ, ಒಂದೊಂದಕ್ಕೂ ಸರಾಸರಿ 53 ವರ್ಷ ಬೀಳುತ್ತದೆ. ಹತ್ತು ತಲೆಮಾರುಗಳಲ್ಲಿಯೂ ತಂದೆಗೆ ಐವತ್ತು ದಾಟಿದ ಮೇಲೆಯೇ ವಂಶ ಮುಂದುವರಿಸುವ ಮಗ ಹುಟ್ಟಿದನೆಂದು ನಂಬುವುದು ಕಷ್ಟ. 25ರಿಂದ 30 ವರ್ಷಕ್ಕೆ ಒಂದು ತಲೆಮಾರೆಂದು ಹಿಡಿದರೆ ಹದಿನೆಂಟರಿಂದ ಇಪ್ಪತ್ತೊಂದು ತಲೆಮಾರುಗಳು ಇರಬೇಕಾಗಿತ್ತು. ಅಂದರೆ ಸುಮಾರು ಅರ್ಧದಷ್ಟು ಹೆಸರುಗಳು ಕಳೆದುಹೋಗಿವೆ, ಇಲ್ಲವೇ ಮೇಲಿನ ಒಂದೆರಡು ಹೆಸರುಗಳು ಆಮೇಲೆ ಬಂದು ಸೇರಿವೆ. ಹೆಸರು ಕಳೆಯುವುದು ಯಾರ ಮೋಸವೂ ಅಲ್ಲ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮ ರೂಢಿಯಲ್ಲಿ ಒಂದೇ ಹೆಸರಿನ ಇಬ್ಬರು ಮೂವರು ಒಬ್ಬರಾಗಿಬಿಡುವುದು ತೀರ ಸುಲಭ. ಸಂಗಮ ವಂಶದಲ್ಲಿಯೇ ಬುಕ್ಕ, ಹರಿಹರ, ದೇವರಾಯ ಎಂಬ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ತೇದಿಯುಳ್ಳ ಶಾಸನಗಳು ಇಲ್ಲದಿದ್ದರೆ ನಾವು ಇಂದು ಇಬ್ಬರು ದೇವರಾಯರನ್ನು ಒಬ್ಬನೆಂದೇ ಓದುತ್ತಿದ್ದೆವೇನೋ. ದತ್ತು ಬಂದವರು, ಮಕ್ಕಳಿಲ್ಲದೆ ತೀರಿಕೊಂಡ ಅಣ್ಣಂದಿರು, ವತನ ಸಿಗದ ತಮ್ಮಂದಿರು ಕೂಡ ಹಕ್ಕಿಗಾಗಿ ಬರೆದ ಪಟ್ಟಿಯಲ್ಲಿ ಉಳಿಯುವುದು ಅಪರೂಪ.

ಈಗ ತಮಗೆ ಮುಖ್ಯವಾದ ಪ್ರಶ್ನೆಗೆ ಬರುತ್ತೇವೆ. ಸಂಗಮನು ಕಂಪಿಲನ ಅಳಿಯನೆಂಬ ಮಾತು ತಮ್ಮ ಕಡತದಲ್ಲಿ ಮಾತ್ರ ಇರುವುದಲ್ಲ. ಕುಮಾರರಾಮನನ್ನು ಕುರಿತ ಸಾಂಗತ್ಯಗಳೆಂಬ ಹಾಡುಗಬ್ಬಗಳಲ್ಲಿ ರಾಮನ ಭಾವನಾಗಿ ಸಂಗಮನೆಂಬವನು ಬರುತ್ತಾನೆ. ಅವನನ್ನೇ ವಿಜಯನಗರದ ಮೂಲಪುರುಷನೆಂದು ಗುರುತಿಸಿದ ವಿದ್ವಾಂಸರೂ ಇದ್ದಾರೆ. ಅದು ಉಪೇಕ್ಷಿಸುವಂಥ ಅಭಿಪ್ರಾಯವಲ್ಲ. ಆದರೆ ರಾಮನ ಕತೆಯನ್ನು ಹಾಡಿದ ನಂಜುಂಡ ಕವಿ ಇದ್ದದ್ದು 16ನೆಯ ಶತಮಾನದ ಮೊದಲ ಭಾಗದಲ್ಲಿ. ಕುಮ್ಮಟ ಬಿದ್ದು ಆಗಲೇ ಸುಮಾರು ಇನ್ನೂರು ವರ್ಷಗಳಾಗಿದ್ದವು. ಆ ಹೊತ್ತಿಗೆ ವಿಜಯನಗರ ತನ್ನ ವೈಭವದ ತುದಿಯಲ್ಲಿತ್ತು, ಕುಮಾರರಾಮ ಪರನಾರೀಸಹೋದರನೆಂದು ನಾಡಿಗೆ ನಾಡೇ ಹಾಡುವ ವೀರನಾಗಿದ್ದ. ಹೀಗೆ ಎರಡು ದೊಡ್ಡ ಹೆಸರುಗಳು ಒಂದೇ ಹೊಳೆಯ ದಂಡೆಯಲ್ಲಿದ್ದಾಗ ಅವುಗಳ ನಡುವೆ ನೆಂಟಸ್ತನ ಕಟ್ಟಬೇಕೆಂದು ಜನಮನಸ್ಸಿಗೆ ತೋರುವುದು ಸಹಜ.

ಸಂಗಮನ ಮಕ್ಕಳು, ಮೊಮ್ಮಕ್ಕಳು ತಾವೇ ಬರೆಸಿದ್ದರಲ್ಲಿ ಏನಿದೆಯೆಂಬುದು ಇದಕ್ಕಿಂತ ಹತ್ತಿರದ ಸಾಕ್ಷಿ. 1346ರ ಶೃಂಗೇರಿ ಶಾಸನದಲ್ಲಿ ಹರಿಹರನ ಜೊತೆಗೆ ತಮ್ಮಂದಿರಾದ ಕಂಪಣ, ಬುಕ್ಕ, ಮಾರಪ್ಪ, ಮುದ್ದಪ್ಪ ಇದ್ದಾರೆ. ಅಳಿಯ ಬಲ್ಲಪ್ಪ ದಣ್ಣಾಯಕನ ಹೆಸರೂ ಇದೆ. ಅಂದರೆ ಹೆಣ್ಣು ಕೊಟ್ಟು ತಂದ ಸಂಬಂಧವನ್ನು ಹೇಳುವ ರೂಢಿ ಅವರಲ್ಲಿ ಇದ್ದೇ ಇತ್ತು. ಕಂಪಣನ ಮಗ ಇಮ್ಮಡಿ ಸಂಗಮ ಹಾಕಿಸಿದ 1356ರ ಬಿಟ್ರಗುಂಟ ತಾಮ್ರಶಾಸನ ಐವರು ಸಹೋದರರ ತಂದೆ ಸಂಗಮನೆಂದು ಹೇಳಿ, ವಂಶವನ್ನು ಯದುಕುಲಕ್ಕೆ ಒಯ್ಯುತ್ತದೆ. ಎರಡರಲ್ಲಿಯೂ ಕಂಪಿಲನ ಹೆಸರಿಲ್ಲ. ಕಂಪಿಲ ಆಳಿದ ನೆಲವನ್ನೇ ಆಳುತ್ತಿದ್ದವರು, ಕಂಪಿಲ ತಮ್ಮ ತಾಯಿಯ ತಂದೆಯಾಗಿದ್ದರೆ ಅದನ್ನು ಒಂದೇ ಒಂದು ಕಡೆಯಾದರೂ ಹೇಳಿಕೊಳ್ಳುತ್ತಿದ್ದರೆಂಬುದು ನಮ್ಮ ಅನಿಸಿಕೆ. ಮೌನ ಎಂದೂ ಪೂರ್ಣ ಪುರಾವೆಯಲ್ಲವೆಂಬುದನ್ನು ಒಪ್ಪುತ್ತೇವೆ. ಸೋತು ಅಳಿದ ದೊರೆಯ ಹೆಸರು ಆ ಮೊದಲ ವರ್ಷಗಳಲ್ಲಿ ಹೊಸ ಅರಸರಿಗೆ ಹೆಚ್ಚಿನ ಬಲ ಕೊಡುತ್ತಿರಲಿಲ್ಲವೆಂದು ಯಾರಾದರೂ ವಾದಿಸಿದರೆ ಅದರಲ್ಲಿಯೂ ತೂಕವಿದೆ. ಆದ್ದರಿಂದಲೇ ನಮ್ಮ ಲೇಖನ ಸಂಬಂಧ ಇರಲಿಲ್ಲ ಎನ್ನಲಿಲ್ಲ, ಸಮಕಾಲೀನ ಆಧಾರವಿಲ್ಲ ಎಂದಷ್ಟೇ ಹೇಳಿತು. ಈ ಎರಡು ಮಾತುಗಳ ನಡುವಿನ ವ್ಯತ್ಯಾಸವನ್ನು ತಾವು ದಯವಿಟ್ಟು ಗಮನಿಸಬೇಕು.

ಹರಿಹರನ ತಮ್ಮನಿಗೂ ಬುಕ್ಕನ ಮಗನಿಗೂ ಕಂಪಣನೆಂಬ ಹೆಸರಿರುವುದನ್ನು ತಾವು ಪುರಾವೆಯಾಗಿ ಎತ್ತಿದ್ದೀರಿ. ಹೆಸರಿನ ಹೋಲಿಕೆ ಎಲ್ಲಿ ಹುಡುಕಬೇಕೆಂದು ತೋರಿಸಬಹುದು. ಹುಡುಕಿದ್ದು ಸಿಕ್ಕಿತೆಂದು ಹೇಳಲಾರದು. ಕಂಪಿಲಿ ಎಂಬ ಊರಿನ ಹೆಸರೇ ಕಂಪಿಲನಿಗಿಂತ ಹಳೆಯದು. 11ನೆಯ ಶತಮಾನದಲ್ಲಿ ಚಾಲುಕ್ಯರ ಅರಮನೆ ಅಲ್ಲಿತ್ತೆಂದೂ ಅದನ್ನು ಕೆಡವಿದೆನೆಂದೂ ಚೋಳ ರಾಜಾಧಿರಾಜ ತನ್ನ ಶಾಸನಗಳಲ್ಲಿ ಹೇಳಿಕೊಂಡಿದ್ದಾನೆ. ಹೆಸರು ನಿಜವಾಗಿ ನೆರವಿಗೆ ಬರುವುದು ಅದರ ಪಕ್ಕದಲ್ಲಿ ಬೇರೆ ದಾಖಲೆಯಿದ್ದಾಗ. ನಮ್ಮ ಯಲಬುರ್ಗಿಯಿಂದ ಆಳಿದ ಸಿಂದ ಅರಸರನ್ನೇ ತೆಗೆದುಕೊಳ್ಳಿ. ಇಮ್ಮಡಿ ಚಾವುಂಡನ ರಾಣಿಯರಲ್ಲಿ ಸಿರಿಯಾದೇವಿ ಕಳಚುರಿ ಬಿಜ್ಜಳನ ಮನೆಯ ಹೆಣ್ಣುಮಗಳೆಂದು ಶಾಸನವೇ ಹೇಳುತ್ತದೆ. ಆಕೆಯ ಮಗನಿಗೆ ಬಿಜ್ಜಳನೆಂಬ ಹೆಸರು ಬಂದದ್ದೇಕೆಂದು ಆಗ ತಾನಾಗಿಯೇ ತಿಳಿಯುತ್ತದೆ. ಸಿರಿಯಾದೇವಿಯ ಹೆಸರು ಅಳಿದಿದ್ದರೆ, ಸಿಂದರ ಮನೆಯಲ್ಲಿ ಬಿಜ್ಜಳನೆಂಬವನು ಹೇಗೆ ಬಂದನೆಂದು ನಾವು ಏನೇನೋ ಊಹಿಸುತ್ತಿದ್ದೆವು. ತಮ್ಮ ಕಡತದ ಹನ್ನೊಂದು ತಲೆಮಾರಿನಲ್ಲಿ ಒಬ್ಬ ತಾಯಿಯ ಹೆಸರೂ ಇಲ್ಲದಿರುವುದು ನಮಗೆ ನಿಜವಾಗಿ ನೋವಿನ ಸಂಗತಿ. ಅಳಿಯತನದ ಮೇಲೆಯೇ ನಿಂತ ವಾದದಲ್ಲಿ, ಸಂಗಮನ ಕೈಹಿಡಿದ ಆ ಮಗಳ ಹೆಸರಾದರೂ ಇರಬೇಕಾಗಿತ್ತಲ್ಲವೇ?

ಕಂಪಿಲನ ಕಿರಿಯ ಮಗನಿಂದ ತಮ್ಮ ಮನೆತನ ಬಂದಿತೆಂಬುದು ಇನ್ನೂ ಕಠಿಣವಾದ ಸಂಬಂಧ. ದಿಲ್ಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕನ ವಿರುದ್ಧ ತಿರುಗಿಬಿದ್ದ ಬಹಾವುದ್ದೀನ್ ಗುರ್ಷಾಸ್ಪನಿಗೆ ಆಶ್ರಯ ಕೊಟ್ಟದ್ದಕ್ಕಾಗಿ ಕಂಪಿಲ ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಂಡ. ಕೆಲವೇ ವರ್ಷಗಳ ನಂತರ ದಿಲ್ಲಿಗೆ ಬಂದ ಇಬ್ನ್ ಬತೂತಾ, ಕಂಪಿಲನ ಹನ್ನೊಂದು ಮಂದಿ ಗಂಡುಮಕ್ಕಳನ್ನು ಸೆರೆಹಿಡಿದು ಸುಲ್ತಾನನ ಬಳಿಗೆ ಒಯ್ದರೆಂದೂ, ಅವರು ಅಲ್ಲಿ ಮತಾಂತರಗೊಂಡು ಗೌರವದ ಸ್ಥಾನ ಪಡೆದರೆಂದೂ ಬರೆಯುತ್ತಾನೆ. ಅವರಲ್ಲಿ ಮೂವರನ್ನು ತಾನೇ ಕಂಡಿದ್ದಾಗಿಯೂ ಹೇಳುತ್ತಾನೆ. ಕಣ್ಣಾರೆ ಕಂಡವನ ಈ ಮಾತನ್ನು ದಾಟಿಹೋಗಲು ನಮಗೆ ಸಾಧ್ಯವಿಲ್ಲ. ಯಾರೋ ಒಬ್ಬ ಮಗ ತಪ್ಪಿಸಿಕೊಂಡು ಈ ಬೆಟ್ಟಗಳಲ್ಲಿಯೇ ಉಳಿದಿರುವುದು ಅಸಾಧ್ಯವಲ್ಲ. ಅಂಥವನೊಬ್ಬ ಇದ್ದನೆಂದು ಹೇಳಲು 1327ಕ್ಕೆ ಹತ್ತಿರದ ಒಂದು ಸಾಲಾದರೂ ಬೇಕು.

ಶಾಸನಗಳೂ ಸುಳ್ಳು ಹೇಳುತ್ತವೆ ಎಂಬ ತಮ್ಮ ಆಕ್ಷೇಪಣೆ ಸರಿಯಾದದ್ದೇ. 1336ರ ತೇದಿ ಹೊತ್ತ ತಾಮ್ರಪಟಗಳಲ್ಲಿ ಕೆಲವನ್ನು ವಿದ್ವಾಂಸರು ಪರೀಕ್ಷಿಸಿ, ಅವು ಆಮೇಲೆ ತಯಾರಾದವೆಂದು ನಿರ್ಣಯಿಸಿದ್ದಾರೆ. ಸಿಂದರು ತಮ್ಮನ್ನು ನಾಗವಂಶದವರೆಂದು ಕರೆದುಕೊಂಡರು. ಅವರ ಮೂಲಪುರುಷ ಸರ್ಪರಾಜನ ಮಗನೆಂದು ಕಲ್ಲಿನ ಮೇಲೆ ಬರೆಸಿದರು. ಹೀಗಿರುವಾಗ ಕಲ್ಲನ್ನು ನಂಬಿ ಕಾಗದವನ್ನು ತಳ್ಳುವುದೆಂಬ ಸರಳ ನಿಯಮ ಯಾವುದೂ ಇಲ್ಲ. ನಾವು ಕಲ್ಲಿಗೂ ಕೇಳುವುದು ಅದೇ ಪ್ರಶ್ನೆಯನ್ನು. ಹಂಪಿಯ ವಿರೂಪಾಕ್ಷ ಗುಡಿಯಲ್ಲಿ ಕೃಷ್ಣದೇವರಾಯ ತನ್ನ ಪಟ್ಟಾಭಿಷೇಕದ ಕಾಲದಲ್ಲಿ ಹಾಕಿಸಿದ ಶಾಸನವನ್ನು ತಾವು ನೋಡಿರಬಹುದು. ಅದರಲ್ಲಿ ವಂಶ ಚಂದ್ರನಿಂದ ಆರಂಭವಾಗಿ ಬುಧ, ಪುರೂರವ, ಆಯು, ನಹುಷ, ಯಯಾತಿಯರನ್ನು ದಾಟಿ ತುರ್ವಸುವಿಗೆ ಬರುತ್ತದೆ. ಸಂಗಮರು ಯಯಾತಿಯ ಒಬ್ಬ ಮಗ ಯದುವನ್ನು ಆರಿಸಿಕೊಂಡರೆ, ಕೃಷ್ಣದೇವರಾಯನ ಮನೆತನದವರಾದ ತುಳುವರು ಇನ್ನೊಬ್ಬ ಮಗ ತುರ್ವಸುವನ್ನು ಆರಿಸಿಕೊಂಡರು. ಪುರಾಣದ ಈ ಭಾಗ ಮುಗಿದ ಮೇಲೆ ತಿಮ್ಮ, ಅವನ ಮಗ ಈಶ್ವರ, ಅವನ ಮಗ ನರಸ ಬರುತ್ತಾರೆ. ತಿಮ್ಮನ ರಾಣಿ ದೇವಕಿ, ಈಶ್ವರನ ರಾಣಿ ಬುಕ್ಕಮ್ಮ, ನರಸನ ರಾಣಿಯರಾದ ತಿಪ್ಪಾಜಿ ಮತ್ತು ನಾಗಲೆ, ಎಲ್ಲರ ಹೆಸರುಗಳೂ ಇವೆ. ನಾವು ಈ ಕೊನೆಯ ಭಾಗವನ್ನು ಇತಿಹಾಸವೆಂದು ಓದುತ್ತೇವೆ. ಮೊದಲ ಭಾಗವನ್ನು, ಅರಸು ಮನೆತನವೊಂದು ತನ್ನನ್ನು ಹೇಗೆ ಕಾಣಿಸಿಕೊಳ್ಳಬಯಸಿತೆಂಬುದಕ್ಕೆ ಸಾಕ್ಷಿಯಾಗಿ ಓದುತ್ತೇವೆ. ಇಷ್ಟು ದೊಡ್ಡ ದೊರೆ, ಅರಮನೆ ತುಂಬ ವಿದ್ವಾಂಸರನ್ನು ಇಟ್ಟುಕೊಂಡವನು, ಆ ಶಾಸನದಲ್ಲಿ ತನ್ನ ನಿಜವಾದ ಹಿರಿಯರೆಂದು ಹೆಸರಿಸಿದ್ದು ಮೂರೇ ತಲೆಮಾರು. ನಮ್ಮ ನಿಮ್ಮ ಮನೆತನಗಳಿಗೆ ಐದಾರು ತಲೆಮಾರು ದಾಖಲೆಸಹಿತ ಸಿಕ್ಕರೆ ಅದು ದೊಡ್ಡ ಸಂಪತ್ತೇ.

ಹೆಳವರ ವಿಷಯದಲ್ಲಿ ನಮಗೆ ತುಂಬು ಗೌರವವಿದೆ. ಸುಗ್ಗಿಯಾದ ಮೇಲೆ ಎತ್ತಿನೊಂದಿಗೆ ಮನೆಬಾಗಿಲಿಗೆ ಬಂದು, ಮರೆತ ಮುತ್ತಜ್ಜಂದಿರ ಹೆಸರನ್ನು ಒಂದೊಂದಾಗಿ ಹೇಳುವ ಅವರ ನೆನಪು, ಯಾವ ಮೂಲ ಊರಿನಿಂದ ಯಾವ ಮನೆ ಎಲ್ಲಿಗೆ ಹೋಯಿತೆಂಬ ವಿಷಯದಲ್ಲಿ ಸರಕಾರಿ ದಾಖಲೆಗಳಲ್ಲಿ ಸಿಗದ್ದನ್ನು ಉಳಿಸಿದೆ. ಆದರೆ ತಮ್ಮ ಪತ್ರದಲ್ಲಿಯೇ ಒಂದು ಮಾತಿದೆ: ತಮ್ಮ ಅಜ್ಜ ಈ ಕಡತವನ್ನು ಹೆಳವರಿಗೆ ಓದಿಸಿ ಅವರ ಪುಸ್ತಕದಲ್ಲಿ ಬರೆಸಿದರೆಂದು ತಾವು ಹೇಳಿದ್ದೀರಿ. ಹಾಗಿದ್ದ ಮೇಲೆ ಹೆಳವರ ಪುಸ್ತಕ ಮತ್ತು ಕಡತ ಎರಡು ಸ್ವತಂತ್ರ ಸಾಕ್ಷಿಗಳಾಗುವುದಿಲ್ಲ. ಎರಡೂ ಒಂದೇ ಸಾಕ್ಷಿ. ಅಜ್ಜ ಬರೆಸುವುದಕ್ಕಿಂತ ಹಿಂದಿನ ಹೆಳವರ ಪುಸ್ತಕ ಅವರ ಬಳಿ ಉಳಿದಿದ್ದರೆ ಅದನ್ನು ನೋಡಲು ನಮಗೆ ಬಹಳ ಆಸೆಯಿದೆ.

ಕುಮಾರರಾಮನ ಹೆಸರಿಗೆ ಕುಂದು ತಂದೆವೆಂಬ ಮಾತು ನಮ್ಮನ್ನು ಹೆಚ್ಚು ಕಾಡಿತು. ಅವನು ಹರಿಹರನಿಗೆ ಸೋದರಮಾವನಾಗಿದ್ದನೋ ಇಲ್ಲವೋ ಎಂಬುದರ ಮೇಲೆ ಅವನ ಹಿರಿಮೆ ನಿಂತಿಲ್ಲ. ಹಲವು ಸಮುದಾಯಗಳು ಅವನನ್ನು ತಮ್ಮವನೆಂದು ಪೂಜಿಸುತ್ತವೆ; ಕುಮ್ಮಟದಿಂದ ಬಹು ದೂರದ ಊರುಗಳಲ್ಲಿಯೂ ಅವನ ಮರದ ರುಂಡವನ್ನು ಇಟ್ಟು ನಡೆದುಕೊಳ್ಳುವವರಿದ್ದಾರೆ. ಅವನು ಯಾವ ಜಾತಿಯವನು, ಯಾರ ಪೂರ್ವಿಕನು ಎಂಬ ಜಗಳದಲ್ಲಿ ಪಕ್ಷ ವಹಿಸಲು ನಮ್ಮ ಪುಟಗಳನ್ನು ಬಳಸಗೊಡುವುದಿಲ್ಲ.

ತಮ್ಮಲ್ಲಿ ನಮ್ಮ ವಿನಂತಿ ಇಷ್ಟು. ಕಡತದ ಮೂಲ ಹಾಳೆಗಳನ್ನು ಲ್ಯಾಮಿನೇಟ್ ಮಾಡಿಸಬೇಡಿ, ಅಂಟುಪಟ್ಟಿ ಹಚ್ಚಬೇಡಿ. ಒಂದೊಂದು ಹಾಳೆಯ ಎರಡೂ ಮಗ್ಗುಲಿನ ಫೋಟೋ ತೆಗೆಸಿ, ಸಾಧ್ಯವಾದರೆ ಮೂಲವನ್ನು ಹಂಪಿ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗದವರಿಗೆ ತೋರಿಸಿ. ಜೆರಾಕ್ಸಿನಲ್ಲಿ ಕಂಪಿಲ, ಸಂಗಮ ಎಂಬ ಹೆಸರುಗಳಿರುವ ಮೊದಲ ಸಾಲುಗಳ ಅಕ್ಷರ ಉಳಿದ ಸಾಲುಗಳಿಗಿಂತ ಸಣ್ಣದಾಗಿ, ಅಂಚಿಗೆ ಒತ್ತಿ ಬರೆದಂತೆ ಕಾಣುತ್ತದೆ. ಅದು ಅದೇ ಕೈಬರಹವೋ ಬೇರೆಯದೋ, ಶಾಯಿ ಒಂದೆಯೋ ಎಂಬುದು ಮೂಲವನ್ನು ನೋಡಿದವರಿಗೆ ಮಾತ್ರ ತಿಳಿದೀತು. ಕಡತದಲ್ಲಿ ಹೇಳಿದ ಹೊಲಗಳ ಎಲ್ಲೆಗಳಲ್ಲಿ ಎರಡು ಕಡೆ ‘ಶಾಸನದ ಕಲ್ಲು’ ಎಂದಿದೆ. ಆ ಕಲ್ಲುಗಳು ಇಂದಿಗೂ ಇದ್ದರೆ, ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದ ಕೊಪ್ಪಳ ಜಿಲ್ಲೆಯ ಶಾಸನ ಸಂಪುಟದಲ್ಲಿ ಅವು ಸೇರಿವೆಯೇ ಎಂದು ನಾವು ಹುಡುಕಿ ನೋಡುತ್ತೇವೆ; ಸೇರಿಲ್ಲದಿದ್ದರೆ ಬಲ್ಲವರನ್ನು ಕರೆದುಕೊಂಡು ತಮ್ಮ ಊರಿಗೆ ಬರಲು ಸಿದ್ಧರಿದ್ದೇವೆ. ತಾವು ಒಪ್ಪಿದರೆ ಕಡತದ ಪೂರ್ಣ ಪಾಠವನ್ನು, ಹೊಲಗಳ ವಿವರಸಹಿತ, ‘1856ರ ಒಂದು ವಂಶಾವಳಿ’ ಎಂಬ ಶೀರ್ಷಿಕೆಯಲ್ಲಿ ಅಕ್ಷರ ಬದಲಿಸದೆ ಪ್ರಕಟಿಸುತ್ತೇವೆ, ಅದರ ಪಕ್ಕದಲ್ಲಿಯೇ ತಮ್ಮ ವಾದವನ್ನು ತಮ್ಮದೇ ಮಾತುಗಳಲ್ಲಿ ಹಾಕಲು ಜಾಗವನ್ನೂ ಇಡುತ್ತೇವೆ.

ತಮ್ಮ ವಿಶ್ವಾಸಿ,
ಸಂಪಾದಕ