ಗಂಟಲು ಹೋಯ್ತು ಅಂತ ಬಂದವರ ಕಿವಿ ಕಥೆ

ಹೆಸ್ರು ಬರೆಯಲ್ಲ, ಗುರುತು ಸಿಗೋ ವಿವರಗಳನ್ನೆಲ್ಲ ಬದಲಾಯಿಸಿದೀನಿ, ಅವ್ರೇ ಓದಿ ಆಯ್ತು ಅಂದ್ಮೇಲೆ ಹಾಕ್ತಿರೋದು. ನಾನು ಆಪ್ತ ಸಲಹೆಗಾರ್ತಿ, ನನ್ ಹತ್ರ ಬಂದಿದ್ದು ಮೂವತ್ತು ದಾಟಿದ ಹೆಂಗಸು, ಮನೇಲಿ ಗಂಡ, ಅತ್ತೆ, ಶಾಲೆಗೆ ಹೋಗೋ ಮಗಳು. ಕೆಲಸ ಜಾಹೀರಾತಿಗೆ ವಾಯ್ಸ್ ಓವರ್ ಅಂದ್ರೆ ಹಿನ್ನೆಲೆ ಧ್ವನಿ ಕೊಡೋದು, ಜಿಂಗಲ್ ಅಂದ್ರೆ ಜಾಹೀರಾತಿನ ಪುಟ್ಟ ಹಾಡು ಹಾಡೋದು, ಮಧ್ಯೆ ಮಧ್ಯೆ ಆಡಿಯೋಬುಕ್. ಬಟ್ಟೆ ಇಡೋ ಸಣ್ಣ ಕೋಣೇನೇ ಸ್ಟುಡಿಯೋ.

ಬಂದು ಕೂತವ್ರೇ ಪಿಸುಮಾತಲ್ಲಿ ಶುರು ಮಾಡಿದ್ರು. "ಮೇಡಂ, ನನ್ ವಾಯ್ಸ್ ಹೋಗ್ತಿದೆ, ಯಾರೂ ನಂಬ್ತಿಲ್ಲ." ಯಾಕೆ ಪಿಸುಗುಡ್ತಿದೀರಿ ಅಂದ್ರೆ, ಸಾಯಂಕಾಲ ಒಂದು ರೆಕಾರ್ಡಿಂಗ್ ಇದೆ, ಧ್ವನಿ ಉಳಿಸ್ಕೋಬೇಕು ಅಂದ್ರು. ಮನೇಲೂ ಹಂಗೇ ಅಂತೆ, ಬೇಕಾದ್ದೆಲ್ಲ ಚೀಟೀಲಿ ಬರೆದು ಫ್ರಿಜ್ಜಿಗೆ ಅಂಟಿಸ್ತಾರೆ, ಮಗಳು ಈಗೀಗ ಅಮ್ಮನ ಹತ್ರ ಬಂದಾಗ್ಲೆಲ್ಲ ತಾನಾಗೇ ಪಿಸುಗುಡ್ತಾಳೆ. ಇದನ್ನ ಹೇಳೋವಾಗ ಕಣ್ಣು ತುಂಬ್ತು, ಗಂಟಲು ಅಂತ ಹೇಳೋವಾಗ ತುಂಬಿರ್ಲಿಲ್ಲ, ನಾನದನ್ನ ಗುರುತು ಹಾಕ್ಕೊಂಡೆ.

ಧ್ವನಿ ತೊಂದರೆ ಅಂತ ಯಾರು ಬಂದ್ರೂ ನಾನು ಮೊದ್ಲು ಕೇಳೋದು ಇಎನ್‌ಟಿ ಹತ್ರ ಹೋಗಿದೀರಾ ಅಂತ. ಮನಸ್ಸಿನ ಹೆಸ್ರಲ್ಲಿ ದೇಹದ ಕಾಯಿಲೆನ ಮುಚ್ಚಿಡೋ ಸಲಹೆಗಾರರ ಬಗ್ಗೆ ನನಗೆ ಸಿಟ್ಟಿದೆ. ಗೊಗ್ಗರು ಧ್ವನಿ 4 ವಾರ ಆದ್ರೂ ಹೋಗ್ಲಿಲ್ಲ ಅಂದ್ರೆ ಧ್ವನಿಪೆಟ್ಟಿಗೆನ ಸ್ಕೋಪ್ ಹಾಕಿ ನೋಡ್ಬೇಕು ಅಂತ ಅಮೆರಿಕದ ಇಎನ್‌ಟಿ ವೈದ್ಯರ ಅಕಾಡೆಮಿ 2018ರ ಮಾರ್ಗಸೂಚೀಲಿ ಹೇಳಿದೆ, ಧ್ವನೀನೇ ಕೆಲಸ ಆಗಿರೋರು ಅಷ್ಟೂ ಕಾಯ್ಬಾರ್ದು. ಇವ್ರು ಹೋಗಿ ಬಂದಿದ್ರು, ಸ್ಕೋಪೂ ಆಗಿತ್ತು, ಗಂಟಿಲ್ಲ, ಗುಳ್ಳೆ ಇಲ್ಲ, ಸ್ವಲ್ಪ ಊತ ಅಷ್ಟೇ, ಒಬ್ರು ಸ್ಪೀಚ್ ಥೆರಪಿಸ್ಟ್ ನೋಡಿ ಅಂದಿದ್ರಂತೆ, ಇವ್ರು ನೋಡಿರ್ಲಿಲ್ಲ. ಪಿಸುಮಾತು ಧ್ವನಿಗೆ ರೆಸ್ಟ್ ಅಲ್ಲ, ಎಷ್ಟೋ ಜನ ಪಿಸುಗುಡೋವಾಗ ಗಂಟಲನ್ನ ಇನ್ನೂ ಬಿಗಿ ಹಿಡೀತಾರೆ, ಸುಸ್ತಾದ್ರೆ ಸುಮ್ನಿರಿ ಇಲ್ಲಾ ಮೆಲ್ಲಗೆ ಮಾಮೂಲಿ ಧ್ವನೀಲಿ ಮಾತಾಡಿ ಅಂತ ಆವತ್ತೇ ಹೇಳಿದೆ. ಆಮೇಲೆ ಗಂಟಲು ಕ್ಯಾಕರಿಸೋದು, ಅದೂ ಇವ್ರಿಗೆ ಚಟ, ಪ್ರತಿ ಸಲ ಕ್ಯಾಕರಿಸಿದಾಗ್ಲೂ ಧ್ವನಿತಂತುಗಳು ಒಂದಕ್ಕೊಂದು ಬಡ್ಕೋತಾವೆ, ಒಂದು ಗುಟುಕು ನೀರು ಕುಡಿದು ನುಂಗಿದ್ರೆ ಸಾಕು.

ಮುಂದಿನ ಸಲ ಬಂದಾಗ ದಿನ ಹೆಂಗೆ ಹೋಗತ್ತೆ ಅಂತ ಬೆಳಗ್ಗೆಯಿಂದ ಹೇಳಿಸಿದೆ. 30 ಸೆಕೆಂಡಿನ ಜಾಹೀರಾತು ಒಂದು, ಸ್ಕ್ರಿಪ್ಟ್ ಅಂದ್ರೆ ನಾಲ್ಕೈದು ಸಾಲು. ಅದನ್ನ ಎಷ್ಟು ಟೇಕ್ ಮಾಡ್ತೀರಿ, ಅಂದ್ರೆ ಎಷ್ಟು ಸಲ ರೆಕಾರ್ಡ್ ಮಾಡ್ತೀರಿ? "ಲೆಕ್ಕ ಇಡಲ್ಲ ಮೇಡಂ." ಕೇಳ್ತಾ ಹೋದ್ರೆ ಮೂರನೇ ನಾಲ್ಕನೇ ಟೇಕೇ ಯಾವಾಗ್ಲೂ ಕಳಿಸ್ತಾರೆ, ಆದ್ರೆ ಅದನ್ನ ಆರಿಸೋಕೆ ಅರ್ಧ ದಿನ ಹಾಡಿ ಗಂಟಲು ಹರ್ಕೊಂಡಿರ್ತಾರೆ. ಜಿಂಗಲ್ ಆದ್ರೆ ಇನ್ನೂ ಕಷ್ಟ, ಯಾಕಂದ್ರೆ ಕೋರಸ್ಸೂ ಇವ್ರೇ, ಮೇಲಿನ ಹಾರ್ಮೊನಿ ಇವ್ರೇ ಕೆಳಗಿಂದೂ ಇವ್ರೇ, ಒಂದರ ಮೇಲೆ ಒಂದು ಲೇಯರ್ ಹಾಡ್ಬೇಕು, ಮೊದ್ಲಾದ್ರೆ ನಾಲ್ಕು ಜನ ನಿಂತ್ಕೊಂಡು ಹಾಡಿ ಮಧ್ಯೆ ನಕ್ಕು ಟೀ ಕುಡೀತಿದ್ರು, ಈಗ ಒಬ್ರೇ ಹೆಡ್‌ಫೋನ್ ಹಾಕ್ಕೊಂಡು ತಮ್ ಜೊತೆ ತಾವೇ ಹಾಡ್ಕೋಬೇಕು. ಆ ನಾಲ್ಕು ಜನ ಇದ್ದಿದ್ರೆ ಯಾರಾದ್ರೂ ಒಬ್ರು "ಸಾಕ್ ಬಿಡೇ, ಚೆನ್ನಾಗಿದೆ" ಅಂದಿರೋರು. ಹೋಂ ಸ್ಟುಡಿಯೋದಲ್ಲಿ ಆ ಮಾತು ಹೇಳೋರಿಲ್ಲ, ನನ್ ಪ್ರಕಾರ ಇಡೀ ತೊಂದರೆ ಬೆಳೆದಿದ್ದು ಅಲ್ಲೇ.

ಕಿವಿ ವಿಷ್ಯ ಈಗ. ಇವ್ರೇ ಹಾಡಿ ಇವ್ರೇ ಎಡಿಟ್ ಮಾಡ್ತಾರೆ. ರೆಕಾರ್ಡ್ ಆದ್ಮೇಲೆ ಕಂಪ್ರೆಸರ್ ಹಾಕ್ತಾರಂತೆ, ಅದು ಜೋರಾಗಿರೋ ಸದ್ದನ್ನ ತಗ್ಗಿಸತ್ತೆ, ಆಮೇಲೆ ಒಟ್ಟು ಲೆವೆಲ್ ಏರಿಸಿದಾಗ ಕೆಳಗೆ ಅಡಗಿದ್ದ ಉಸಿರು, ನಾಲಿಗೆ ಚಟ್ ಅನ್ನೋದು, ದೂರದ ಫ್ಯಾನು ಎಲ್ಲ ಎದ್ದು ಬರತ್ತೆ. ಅದನ್ನ ಒಳ್ಳೇ ಹೆಡ್‌ಫೋನಲ್ಲಿ ಗಂಟೆಗಟ್ಲೆ ಕೇಳೋದು ಅಂದ್ರೆ ಭೂತಗನ್ನಡಿ ಹಿಡ್ಕೊಂಡು ಇಡೀ ದಿನ ಸ್ವಂತ ಮುಖ ನೋಡ್ಕೊಂಡು ಕೂತಂಗೆ. ಹೆಡ್‌ಫೋನ್ ತೆಗೆದ್ಮೇಲೂ ಆ ಕಿವಿ ಆಫ್ ಆಗ್ತಿರ್ಲಿಲ್ಲ. ಅತ್ತೆ ಲೋಟ ಇಟ್ಟ ಸದ್ದು, ಮಗಳು ಮೂಗೆಳೆದಿದ್ದು, ಗಂಡ ಮಾತಾಡೋವಾಗ ಬರೋ 'ಸ'ಕಾರ, ಎಲ್ಲಾನೂ ಎಡಿಟ್ ಮಾಡ್ಬೇಕಾದ ತಪ್ಪಿನ ಥರಾನೇ ಕೇಳ್ತಿತ್ತು. "ಅವ್ರು ಮಾತಾಡೋ ವಿಷ್ಯ ನನಗೆ ಕೇಳ್ಸೋದೇ ಇಲ್ಲ ಮೇಡಂ, ಸದ್ದು ಕೇಳ್ಸತ್ತೆ" ಅಂದ್ರು. ಇವ್ರು ಅಲ್ಲೀವರ್ಗೂ ಹೇಳಿದ್ರಲ್ಲಿ ಅತಿ ನಿಜವಾದ ಮಾತು ಇದೇ ಅನ್ಸಿತು.

ಗಂಡನ್ನ ಒಂದ್ಸಲ ಕರ್ಸಿದೆ. ಒಳ್ಳೇ ಮನುಷ್ಯ, ಸುಸ್ತಾಗಿದ್ರು. "ಮೇಡಂ, ನಮ್ಮನೇಲಿ ನಾವು ಕಾಲ್ತುದೀಲಿ ನಡೀತೀವಿ, ನಮ್ಮಮ್ಮ ಕೆಮ್ಮು ಬಂದ್ರೆ ಆಚೆ ಹೋಗಿ ಕೆಮ್ತಾರೆ, ಅಷ್ಟಾದ್ರೂ ಇವಳು ಬಾಗಿಲು ತೆಗೆದು ಬಂದು ಬೈತಾಳೆ." ಹೆಂಡತಿ ಪಕ್ಕದಲ್ಲೇ ಇದ್ರು, ತಿರುಗಿ ಕೇಳಿದ್ರು. "ಮತ್ತೆ ನೀವು, 'ಮನೇಲೇ ಇದ್ದೀಯಲ್ಲ, ಕೊರಿಯರ್ ತಗೋ, ಅಮ್ಮನಿಗೆ ಮಾತ್ರೆ ಕೊಡು' ಅಂತ ಟೇಕ್ ನಡುವೆ ಫೋನ್ ಮಾಡಲ್ವಾ?" ಎರಡೂ ನಿಜ. ಆಫೀಸಿಗೆ ಹೋಗೋರ ಕೆಲಸ ಬಾಗಿಲಾಚೆ ಇರತ್ತೆ, ಎಲ್ರಿಗೂ ಕಾಣತ್ತೆ. ಇವ್ರದ್ದು ಬಟ್ಟೆ ಕೋಣೇಲಿ ಬಾಗಿಲು ಹಾಕ್ಕೊಂಡು "ಹೊಳೆಯುವ ನೆಲ, ನಗುವ ಮನೆ" ಥರದ್ದೇನೋ ಹೇಳ್ತಾ ಇರೋದು, ಹೊರಗಿನವ್ರಿಗೆ ಅದು ಕೆಲಸ ಅಂತ ಅನ್ಸೋದು ಕಷ್ಟಾನೇ, ಗಂಡ ಬೇಕಂತ ಹೀಯಾಳಿಸಿರ್ಲಿಲ್ಲ.

ಇಲ್ಲಿ ಒಂದು ಟೆಕ್ನಿಕಲ್ ಸಂಗತಿ ಸಂಸಾರದ ಜಗಳಕ್ಕೇ ಕಾರಣ ಆಗಿತ್ತು. ನಾನು ಸೌಂಡ್ ಇಂಜಿನಿಯರ್ ಅಲ್ಲ, ಆದ್ರೆ ಕ್ಲೈಂಟ್ ಕೆಲಸ ಅರ್ಥ ಆಗ್ದೆ ಸಲಹೆ ಕೊಡ್ಬಾರ್ದು ಅನ್ನೋದು ನನ್ ಹಠ, ಈ ಫೀಲ್ಡಲ್ಲಿರೋರ ಹತ್ರ ಕೇಳ್ಕೊಂಡೆ. ಗೋಡೆಗೆ ಫೋಮ್ ಅಂಟಿಸೋದು, ಕಂಬಳಿ ನೇತಾಕೋದು, ಸುತ್ತ ಬಟ್ಟೆ ಇರೋದು, ಇವೆಲ್ಲ ಕೋಣೆ ಒಳಗಿನ ಪ್ರತಿಧ್ವನಿ ಕಮ್ಮಿ ಮಾಡ್ತಾವೆ, ಹೊರಗಿನ ಸದ್ದು ಒಳಗೆ ಬರೋದನ್ನ ತಡೆಯಲ್ಲ. ಅದಕ್ಕೆ ಭಾರ ಬೇಕು, ದಪ್ಪ ಗೋಡೆ, ಸಂದಿ ಇಲ್ಲದ ಗಟ್ಟಿ ಬಾಗಿಲು. ಇವ್ರು ಕೂಡಿಟ್ಟ ದುಡ್ಡೆಲ್ಲ ಫೋಮಿಗೆ ಹಾಕಿ, ಇಷ್ಟು ಮಾಡಿದ್ರೂ ಸದ್ದು ಬರ್ತಿದೆ ಅಂದ್ರೆ ಮನೆಯವ್ರೇ ಜಾಸ್ತಿ ಗಲಾಟೆ ಮಾಡ್ತಿದಾರೆ ಅಂತ ತೀರ್ಮಾನ ಮಾಡಿದ್ರು. ಫೋಮ್ ಮಾಡ್ದೇ ಇರೋ ಕೆಲಸಕ್ಕೆ ಅತ್ತೆ ಬೈಸ್ಕೋತಿದ್ರು! ಇದನ್ನ ಹೇಳಿದಾಗ ಗಂಡ ಹೆಂಡತಿ ಇಬ್ರೂ ನಕ್ಕರು, ನನ್ ಮುಂದೆ ಅದು ಅವ್ರ ಮೊದಲ ನಗು.

ಹಂಗಾಗಿ ಮನೆಯವ್ರಿಗೆ ಕೊಟ್ಟಿದ್ದು ಸಣ್ಣ ಒಪ್ಪಂದ. ದಿನಕ್ಕೆ ಎರಡು ಹೊತ್ತು ರೆಕಾರ್ಡಿಂಗ್, ಟೈಮ್ ಫಿಕ್ಸ್, ಬಾಗಿಲಿಗೆ ಒಂದು ಕೆಂಪು ಬಟ್ಟೆ, ಅದಿದ್ದಾಗ ಬಾಗಿಲು ಬಡಿಯಂಗಿಲ್ಲ, ಫೋನ್ ಮಾಡಂಗಿಲ್ಲ, ಕೊರಿಯರ್ ಬಂದ್ರೆ ಬರ್ಲಿ. ಕೆಂಪು ಬಟ್ಟೆ ಇಲ್ದಿದ್ದಾಗ ಮನೆ ಮನೆ ಥರ ಇರ್ಬೇಕು, ಟಿವಿ ಹಾಕ್ಬಹುದು, ಕೆಮ್ಮಬಹುದು. ಹೆಡ್‌ಫೋನಲ್ಲಿ ಎಡಿಟ್ ಮಾಡೋವಾಗ ಮನೆ ಸುಮ್ನಿರ್ಬೇಕಾಗಿಲ್ಲ, ಈ ವ್ಯತ್ಯಾಸಾನೇ ಮನೆಯವ್ರಿಗೆ ಗೊತ್ತಿರ್ಲಿಲ್ಲ, ಇಡೀ ದಿನ ರೆಕಾರ್ಡಿಂಗೇ ಅಂದ್ಕೊಂಡಿದ್ರು. ಇವ್ರ ಕಡೆಯಿಂದ, ಮೈಕ್ ಹತ್ರ ಬರೋದು. ಬಾಯಿಗೂ ಮೈಕಿಗೂ ಇರೋ ದೂರ ಅರ್ಧ ಆದ್ರೆ ಧ್ವನಿ ಸುಮಾರು 6 ಡೆಸಿಬೆಲ್ ಜಾಸ್ತಿ ಸಿಗತ್ತೆ, ಸುತ್ತಲಿನ ಸದ್ದು ಹಂಗೇ ಇರತ್ತೆ, ಇದು ಇವ್ರಿಗೆ ಗೊತ್ತಿದ್ದಿದ್ದೇ, ಆದ್ರೆ ಹತ್ರ ಹೋದ್ರೆ ಉಸಿರು ಕೇಳ್ಸತ್ತೆ ಅಂತ ಹೆದ್ರಿ ದೂರ ನಿಲ್ತಿದ್ರು.

ಉಸಿರಿನ ಹೆದ್ರಿಕೆಗೆ ಒಂದು ಪ್ರಯೋಗ ಮಾಡಿದ್ವಿ. ಅವ್ರಿಗೆ ಅತಿ ಕೆಟ್ಟದ್ದು ಅನ್ಸಿದ ಒಂದು ಟೇಕ್ ತನ್ನಿ ಅಂದೆ, ಚಟ್ ಚಟ್ ಇರೋದು, ಉಸಿರಿರೋದು. ಅದಕ್ಕೆ ಮ್ಯೂಸಿಕ್ ಸೇರಿಸಿ ಮಾಮೂಲಿ ಫೋನ್ ಸ್ಪೀಕರಲ್ಲಿ ಹಾಕಿದ್ರು, ಎಲ್ಲಿ ಚಟ್ ಬಂತು ಅಂತ ಕೈ ಎತ್ತಿ ಅಂದೆ. ಎತ್ಲಿಲ್ಲ. ಮತ್ತೊಂದ್ಸಲ ಹಾಕಿದ್ರು, ಒಂದು ಕಡೆ ಅನುಮಾನದಿಂದ ಎತ್ತಿದ್ರು, ಅದೂ ತಪ್ಪು ಜಾಗ. ಹಿನ್ನೆಲೆ ಸಂಗೀತ ಇದ್ರೆ ಸಣ್ಣ ಸದ್ದುಗಳು ಮುಚ್ಚೋಗ್ತಾವೆ, ಪುಟ್ಟ ಸ್ಪೀಕರಿಗೆ ಅಷ್ಟು ವಿವರ ಕೊಡೋ ತಾಕತ್ತೂ ಇಲ್ಲ. ಆಡಿಯೋಬುಕ್ ವಿಷ್ಯ ಬೇರೆ, ಅಲ್ಲಿ ಸಂಗೀತ ಇಲ್ಲ, ಎಸಿಎಕ್ಸ್ ಥರದ ಆಡಿಯೋಬುಕ್ ವೇದಿಕೆಗಳಲ್ಲಿ ಹಿನ್ನೆಲೆ ಸದ್ದು -60 ಡೆಸಿಬೆಲ್‌ಗಿಂತ ಕೆಳಗಿರ್ಬೇಕು ಅಂತ ನಿಯಮಾನೇ ಇದೆ, ಅಲ್ಲಿ ಕಟ್ಟುನಿಟ್ಟಾಗಿರಿ, ಆ ಅಳತೇನ 20 ಸೆಕೆಂಡ್ ಜಿಂಗಲ್‌ಗೆ ತರ್ಬೇಡಿ. ಯಾವ ಕೆಲಸಕ್ಕೆ ಎಷ್ಟು ಸಾಕು ಅಂತ ಮೊದ್ಲೇ ಒಂದು ಪೇಪರಲ್ಲಿ ಬರ್ಕೊಂಡು ಕೂರೋದು, 5 ಟೇಕ್ ಆದ್ಮೇಲೆ ನಿಲ್ಸೋದು, ಹತ್ತು ನಿಮಿಷ ಆಚೆ ಹೋಗಿ ಬಂದು ಆ ಐದರಲ್ಲೇ ಒಂದನ್ನ ಆರ್ಸೋದು. ಮೊದಲ ವಾರ ಮೋಸ ಮಾಡಿದ್ರು, ಟೇಕ್ 5ಎ, 5ಬಿ ಅಂತ ಫೈಲಿಗೆ ಹೆಸ್ರಿಟ್ಟು. ನಾನು ಬೈಲಿಲ್ಲ, ಅವ್ರೇ ತೋರ್ಸಿದ್ರಲ್ಲ.

ಇಷ್ಟಾದ್ರೂ ಒಳಗಿನ ಮುಳ್ಳು ಬೇರೆ ಇತ್ತು, ಆಡಿಷನ್. ಸ್ಯಾಂಪಲ್ ಕಳಿಸ್ತಾರೆ, ಉತ್ತರ ಬರಲ್ಲ. ಈ ಕೆಲಸದಲ್ಲಿ ಬೇಡ ಅಂತ ಹೇಳೋ ಪದ್ಧತೀನೇ ಇಲ್ಲ, ಆಯ್ಕೆ ಆದೋರಿಗೆ ಮಾತ್ರ ಮೇಲ್ ಬರತ್ತೆ, ಉಳಿದೋರಿಗೆ ಮೌನ. ಇವ್ರು ಆ ಮೌನಕ್ಕೆ ತಾವೇ ಡೈಲಾಗ್ ಬರೀತಿದ್ರು, ಉಸಿರು ಕೇಳ್ಸಿರ್ಬೇಕು, ಫ್ಯಾನ್ ಕೇಳ್ಸಿರ್ಬೇಕು, ಆವತ್ತು ಅತ್ತೆ ಬಾಗಿಲು ಹಾಕಿದ್ದು ಕೇಳ್ಸಿರ್ಬೇಕು. ಆ ಕಡೆ ಗಂಡಸಿನ ಧ್ವನಿ ಬೇಕು ಅಂತ ಮನಸ್ಸು ಬದಲಾಯ್ಸಿರ್ಬಹುದು, ಜಾಹೀರಾತೇ ನಿಂತಿರ್ಬಹುದು, ಕೇಳದೇನೂ ಇರ್ಬಹುದು. ಕಾರಣ ಗೊತ್ತಿಲ್ಲ ಅನ್ನೋದಕ್ಕಿಂತ ನನ್ನದೇ ತಪ್ಪು ಅನ್ನೋದು ಕೆಲವ್ರಿಗೆ ಸಮಾಧಾನ, ತಪ್ಪಾದ್ರೆ ತಿದ್ದಬಹುದಲ್ಲ. ಸದ್ದಿನ ಮೇಲೆ ಅಷ್ಟು ಯುದ್ಧ ಯಾಕೆ ಅನ್ನೋದು ನನಗೆ ಅರ್ಥ ಆಗಿದ್ದು ಆಗ. ಕಳಿಸಿದ ದಿನಾನೇ ಒಂದು ಪುಸ್ತಕದಲ್ಲಿ ತಾರೀಖು ಬರೆದು "ಕಳಿಸಾಯ್ತು" ಅಂತ ಗೆರೆ ಎಳೀರಿ, ಆ ಫೈಲನ್ನ ಮತ್ತೆ ತೆಗೆದು ಕೇಳೋದು ನಿಷೇಧ ಅಂದೆ. ಇದಕ್ಕೆ ಜಗಳ ಆಡಿದ್ರು, ಒಂದೆರಡು ಸಲ ಬರ್ಲೂ ಇಲ್ಲ, ಆಮೇಲೆ ಬಂದ್ರು.

ಇನ್ನೊಂದು, ಮೊದಲ ದಿನದಿಂದ ಗಮನಿಸಿದ್ದೆ. ಪಿಸುಮಾತು ಬಿಟ್ಮೇಲೆ ಇವ್ರ ಬಾಯಲ್ಲಿ ಬರ್ತಿದ್ದಿದ್ದು ಜಾಹೀರಾತಿನ ಧ್ವನಿ, ನಗು ಬೆರೆಸಿದ್ದು. ನಗ್ತಾ ಓದಿದ್ರೆ ಕೇಳೋರಿಗೆ ನಗು ಗೊತ್ತಾಗತ್ತೆ, ಅದು ಇವ್ರ ಕಸುಬಿನ ಪಾಠ. ಆ ಧ್ವನೀಲೇ "ರಾತ್ರಿ ನಿದ್ದೆ ಬರಲ್ಲ ಮೇಡಂ" ಅಂದ್ರೆ ಕೇಳೋಕೆ ಹಿಂಸೆ. ಸಂಬಳಕ್ಕೋಸ್ಕರ ಮುಖದ ಮೇಲೆ ಧ್ವನಿಯ ಮೇಲೆ ಭಾವನೆ ತಂದ್ಕೊಳ್ಳೋದೂ ದುಡಿಮೆನೇ ಅಂತ 1983ರಲ್ಲೇ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ ಗಗನಸಖಿಯರನ್ನ ನೋಡಿ ಬರೆದಿದ್ರು, ಅದರ ಸುಸ್ತು ಇವ್ರಲ್ಲಿ ಹಂಗೇ ಇತ್ತು. ಕೆಲಸ ಮುಗಿದ್ಮೇಲೆ ಹತ್ತು ನಿಮಿಷ ಮಗಳ ಜೊತೆ ಏನೂ ಚೆಂದ ಮಾಡ್ದೆ ಮಾತಾಡಿ, ಬೇಜಾರಿದ್ರೆ ಬೇಜಾರಿನ ಧ್ವನೀಲೇ ಅಂದೆ. ಸ್ಪೀಚ್ ಥೆರಪಿಸ್ಟ್ ಹತ್ರಾನೂ ಹೋಗ್ತಿದಾರೆ ಈಗ, ಅವ್ರು ಸ್ಟ್ರಾ ಬಾಯಲ್ಲಿಟ್ಟು ಹಮ್ ಮಾಡೋ ಅಭ್ಯಾಸ ಕೊಟ್ಟಿದಾರೆ, ಧ್ವನಿತಂತು ಜಾಸ್ತಿ ಬಡ್ಕೊಳ್ದೆ ಬೆಚ್ಚಗಾಗೋಕೆ ಅದು ಒಳ್ಳೇದು. ನಿದ್ದೆ ಹೊತ್ತಲ್ಲಿ ಜಿಂಗಲ್ ಸಾಲು ತಲೇಲಿ ಸುತ್ತೋದಿತ್ತು, ಮೊದಲಿಂದ ಕೊನೇವರ್ಗೂ ಒಂದ್ಸಲ ಪೂರ್ತಿ ಕೇಳಿ ಮಲಗಿ ಅಂದಿದ್ದೆ, ಕೆಲವು ದಿನ ಕೆಲಸ ಮಾಡತ್ತೆ ಅಂತೆ.

ಕೊನೆಗೆ ಬಂದಿದ್ದು ಕಾಂಟ್ರಾಕ್ಟ್. ತುಂಬಾ ದಿನದ ಮೇಲೆ ಒಂದು ಆಡಿಷನಲ್ಲಿ ಆಯ್ಕೆ ಆದ್ರು, ಒಪ್ಪಂದದಲ್ಲಿ "ಯಾವುದೇ ಮಾಧ್ಯಮ, ಎಲ್ಲಾ ಕಾಲಕ್ಕೂ" ಅಂತ ಒಂದು ಸಾಲು. ಕೆಲಸ ಕೈತಪ್ಪತ್ತೆ ಅಂತ ಹೆದ್ರಿ ಸೈನ್ ಮಾಡೋಕೆ ಹೊರಟಿದ್ರು. ಹೆದ್ರಿಕೇಲಿ ಸೈನ್ ಮಾಡ್ಬೇಡಿ ಅಂದೆ, ಕಾನೂನು ನನ್ ವಿಷ್ಯ ಅಲ್ಲ, ವಕೀಲರಿಗೆ ತೋರ್ಸಿ ಅಂದೆ. ಸುಸಾನ್ ಬೆನೆಟ್ ಅಂತ ಅಮೆರಿಕದ ವಾಯ್ಸ್ ಆರ್ಟಿಸ್ಟ್, ಜಿಂಗಲ್ ಹಾಡಿದೋರೇ, 2005ರ ಜುಲೈ ಪೂರ್ತಿ ಮನೆಯ ರೆಕಾರ್ಡಿಂಗ್ ಬೂತಲ್ಲಿ ಕೂತು ಒಂದು ಕಂಪನಿಗೆ ವಾಕ್ಯ ಓದಿ ಕೊಟ್ಟಿದ್ರು, 2011ರಲ್ಲಿ ಐಫೋನಲ್ಲಿ ಮಾತಾಡೋ ಸಹಾಯಕಿ ಸಿರಿ ಬಂದಾಗ ಅದು ತಮ್ ಧ್ವನಿ ಅನ್ನೋದು ಬೇರೆಯವ್ರು ಹೇಳಿ ಗೊತ್ತಾಯ್ತು. ಕೆನಡಾದ ಬೆವ್ ಸ್ಟ್ಯಾಂಡಿಂಗ್ ತಮ್ ಧ್ವನಿನ ಕೇಳ್ದೆ ಬಳಸಿದಾರೆ ಅಂತ 2021ರಲ್ಲಿ ಟಿಕ್‌ಟಾಕ್ ಮೇಲೆ ಕೇಸ್ ಹಾಕಿದ್ರು, ಅದು ರಾಜಿ ಆಯ್ತು. ಈಗಂತೂ ಎಐಗೆ ಧ್ವನಿ ಕಲಿಸೋ ಕಾಲ, ಎಲ್ಲಿ, ಎಷ್ಟು ದಿನ, ಎಐ ತರಬೇತಿಗೆ ಬಳಸ್ತಾರಾ ಇಲ್ವಾ, ಮೂರೂ ಬರವಣಿಗೇಲಿ ಇರ್ಬೇಕು ಅಂತ ಈ ಫೀಲ್ಡಿನವ್ರೇ ಹೇಳ್ತಾರೆ.

ವಕೀಲರು ನೋಡಿ ಒಂದು ವರ್ಷ ಅಂತ ಮಿತಿ ಹಾಕಿ, ಎಐಗೆ ಬಳಸಂಗಿಲ್ಲ ಅಂತ ಸೇರಿಸಿ ವಾಪಸ್ ಕಳಿಸಿದಾರೆ. ಆ ಕಡೆಯಿಂದ ಇನ್ನೂ ಉತ್ತರ ಇಲ್ಲ. ದಿನಕ್ಕೆಷ್ಟು ಸಲ ಮೇಲ್ ತೆಗೆದು ನೋಡ್ತೀರಿ ಅಂತ ಕೇಳಿದೆ, "ಅದ್ ಬಿಡಿ ಮೇಡಂ" ಅಂತ ಜೋರಾಗಿ ನಕ್ಕು ಮುಂದಿನ ಅಪಾಯಿಂಟ್‌ಮೆಂಟ್ ಬರೆಸ್ಕೊಂಡು ಹೋದ್ರು.