ಭವಿಷ್ಯ ನೋಡುವ ವಿಧಾನಗಳ ನಂಬಲರ್ಹ ಪಟ್ಟಿಯನ್ನು ತಯಾರಿಸುವುದು ಹೇಗೆ?

"ಮೂರು ಪುಸ್ತಕಗಳಲ್ಲಿ ಒಂದೇ ವಿವರಣೆ ಸಿಕ್ಕಿದರೆ ಆ ವಿಧಾನವನ್ನು ಖಚಿತವೆಂದು ಪಟ್ಟಿಗೆ ಸೇರಿಸಬಹುದಲ್ಲವೇ" ಎಂದು ನೀವು ಕೇಳಿದ ಸಾಲನ್ನು ಓದಿ ಎದೆ ಝಲ್ಲೆಂದಿತು. ಸೇರಿಸಬೇಡಿ. ಇದೇ ನಿಯಮವನ್ನು ನೆಚ್ಚಿಕೊಂಡು ನಾನು ಎರಡು ವರ್ಷದ ದುಡಿಮೆಯನ್ನು ಕಳೆದುಕೊಂಡೆ.

ಒಂದು ಕೋಶಕ್ಕೆ ಇಂಥದ್ದೇ ಅನುಬಂಧ ಬರೆದುಕೊಡಲು ಒಪ್ಪಿಕೊಂಡಿದ್ದೆ. ವಿಧಾನಕ್ಕೊಂದು ಕಾರ್ಡು. ಮೇಲೆ ಹೆಸರು, ನಡುವೆ ಎರಡು ಸಾಲಿನ ವಿವರಣೆ, ಬಲತುದಿಯಲ್ಲಿ ಪೆನ್ಸಿಲ್ ಗೀಟುಗಳು. ಪುಸ್ತಕವೊಂದರಲ್ಲಿ ಆ ಹೆಸರು ಕಂಡರೆ ಒಂದು ಗೀಟು. ಮೂರು ಗೀಟು ಬಿದ್ದರೆ ಕಾರ್ಡು 'ಖಚಿತ' ಎಂಬ ಪೆಟ್ಟಿಗೆಗೆ. ಹೀಗೆ 280 ಕಾರ್ಡು ಕೂಡಿಹಾಕಿದೆ. ಹಸ್ತಪ್ರತಿಯನ್ನು ಪರಿಶೀಲಿಸಿದ ವಿದ್ವಾಂಸರು ಅದನ್ನು ಹಿಂದಿರುಗಿಸುವಾಗ ಚೀಸ್ ನೋಡಿ ಭವಿಷ್ಯ ಹೇಳುವ 'ಟೈರೊಮ್ಯಾನ್ಸಿ'ಯ ಪಕ್ಕದಲ್ಲಿ ಒಂದು ಪ್ರಶ್ನೆ ಬರೆದಿದ್ದರು: "ಇದನ್ನು ಮಾಡುತ್ತಿದ್ದವರು ಯಾರು?"

ಉತ್ತರ ನನ್ನಲ್ಲಿರಲಿಲ್ಲ. ಚೀಸಿನ ರಂಧ್ರಗಳ ಆಕಾರ, ಸಂಖ್ಯೆಗಳಿಂದ ಫಲ ಹೇಳುತ್ತಿದ್ದರು ಎಂದು ಮೂರೂ ಪುಸ್ತಕಗಳು ಹೇಳಿದ್ದವು. ಮೂರನೆಯದು ಎರಡನೆಯದನ್ನು ನೋಡಿ ಬರೆದದ್ದು, ಎರಡನೆಯದು ಮೊದಲನೆಯದನ್ನು. ಅದು ಗೊತ್ತಾದದ್ದು ಒಂದು ಅಕ್ಷರದಿಂದ: ಆ ಪುಟದಲ್ಲೇ ಇದ್ದ ಇನ್ನೊಂದು ಗ್ರೀಕ್ ಹೆಸರಿನಲ್ಲಿ ಮೂರೂ ಕಡೆ ಒಂದೇ ಅಕ್ಷರ ತಪ್ಪಿತ್ತು. ಹಿಡಿದ ಎಳೆಯನ್ನು ಬಿಡದೆ ಹಿಂದಕ್ಕೆ ಹೋದರೆ ಕೊನೆಗೆ ಸಿಕ್ಕವನು 2ನೆಯ ಶತಮಾನದ ಕನಸುಶಾಸ್ತ್ರಜ್ಞ ಆರ್ಟೆಮಿಡೋರಸ್. ಯಾರ ಮಾತನ್ನು ನಂಬಬಾರದು ಎಂದು ಹೇಳುವಾಗ ಆತ ಜರಡಿ ನೋಡಿ ಹೇಳುವವರ ಜೊತೆಗೆ ಚೀಸ್ ನೋಡಿ ಹೇಳುವವರನ್ನೂ ಹೆಸರಿಸುತ್ತಾನೆ. ಅಷ್ಟೇ. ರಂಧ್ರದ ಮಾತೇ ಅಲ್ಲಿಲ್ಲ.

ನನ್ನ ತಪ್ಪನ್ನು ಬಿಡಿಸಿ ಹೇಳುತ್ತೇನೆ, ಬೇಸರಿಸಬೇಡಿ. ಹೆಸರು ಎಷ್ಟು ಕಡೆ ಇದೆ ಎಂದು ಎಣಿಸಿದೆನೇ ಹೊರತು, ಕಣ್ಣಾರೆ ಕಂಡವರು ಎಷ್ಟು ಜನ ಎಂದು ಎಣಿಸಲಿಲ್ಲ. ಒಬ್ಬ ಹೇಳಿದ್ದನ್ನು ಮೂವರು ಕೇಳಿಕೊಂಡು ಹೇಳಿದರೆ ಸಾಕ್ಷಿ ಒಂದೇ. ನಾನು ಅದನ್ನು ಮೂರು ಮಾಡಿದ್ದೆ. ಪಟ್ಟಿಗಳ ವಿಷಯದಲ್ಲಿ ಇದು ಇನ್ನಷ್ಟು ಅಪಾಯಕಾರಿ, ಏಕೆಂದರೆ ಪಟ್ಟಿ ಹುಟ್ಟುವುದೇ ಪಟ್ಟಿಯಿಂದ. 1546ರಲ್ಲಿ ಪ್ರಕಟವಾದ, ಫ್ರೆಂಚ್ ಲೇಖಕ ರಬೆಲೆಯ ಕಾದಂಬರಿಯೊಂದರಲ್ಲಿ ಭವಿಷ್ಯಗಾರನೊಬ್ಬ ಇಂಥ ವಿಧಾನಗಳ ಹೆಸರನ್ನು ಉಸಿರುಬಿಡದೆ ಹೇಳುತ್ತಾ ಹೋಗುವ ಅಧ್ಯಾಯವಿದೆ. ಹಳೆಯ ಹೆಸರುಗಳೂ ಅದರಲ್ಲಿವೆ, ನಿಜ. ಆದರೆ ಆ ಅಧ್ಯಾಯ ನಗಿಸಲು ಬರೆದದ್ದು, ಸಾಕ್ಷಿ ನುಡಿಯಲು ಅಲ್ಲ. ನನ್ನ ಕೆಲವು ಕಾರ್ಡುಗಳ ಗೀಟುಗಳು ಹೋಗಿ ನಿಂತದ್ದು ಅಲ್ಲಿಯೇ.

ಇದೇ ಎಣಿಕೆ ಮತ್ತೊಂದು ಕಡೆಯೂ ಕೈಕೊಟ್ಟಿತು. 'ಜಿಯೊಮ್ಯಾನ್ಸಿ' ಎಂದರೆ ಮರಳಿನಲ್ಲಿ ಚುಕ್ಕಿಗಳನ್ನು ಹಾಕಿ, ಸರಿ-ಬೆಸ ನೋಡಿ, 16 ಆಕೃತಿಗಳಲ್ಲಿ ಉತ್ತರ ಓದುವ ಪದ್ಧತಿ. ಅರಬ್ಬರಲ್ಲಿ ಅದು ಮರಳಿನ ವಿದ್ಯೆ. ಮನೆಗೂ ಸಮಾಧಿಗೂ ಜಾಗ ಆರಿಸುವ ಚೀನಾದ ಫೆಂಗ್ ಶೂಯಿಯನ್ನು 19ನೆಯ ಶತಮಾನದ ಇಂಗ್ಲಿಷ್ ಬರಹಗಾರರು ಅದೇ ಪದದಿಂದ ಕರೆದರು. ಮರಳಿಗೆ ಎರಡು ಗೀಟು, ಫೆಂಗ್ ಶೂಯಿಗೆ ಒಂದು, ಒಟ್ಟು ಮೂರು. ಸಂಬಂಧವೇ ಇಲ್ಲದ ಎರಡು ವಿದ್ಯೆಗಳನ್ನು ಒಂದೇ ವಾಕ್ಯದಲ್ಲಿ ಹೊಲಿದು ಪೆಟ್ಟಿಗೆಗೆ ಹಾಕಿದ್ದೆ. ಅನುಬಂಧವನ್ನು ಕೋಶದಿಂದ ಕೈಬಿಟ್ಟರು. ಬಿಟ್ಟದ್ದು ಸರಿಯಾಗಿಯೇ ಇತ್ತು.

ಸಂಪೂರ್ಣವಾದ, ಅಕಾರಾದಿ ಪಟ್ಟಿ ಬೇಕು ಎಂದಿದ್ದೀರಿ. ಆ ಆಸೆಯನ್ನೇ ಬಿಡಿ ಎನ್ನುತ್ತೇನೆ. ಗ್ರೀಕ್ ಪದವೊಂದಕ್ಕೆ, ಭವಿಷ್ಯ ನೋಡುವುದು ಎಂಬರ್ಥದ 'ಮ್ಯಾನ್ಸಿ' ಅಂಟಿಸುವುದು ಯಾರಿಗೂ ಕಷ್ಟವಲ್ಲ. ಸಂಪೂರ್ಣತೆಯ ಹಿಂದೆ ಬಿದ್ದರೆ ಅಂಥವೆಲ್ಲ ಒಳಗೆ ನುಗ್ಗುತ್ತವೆ, ಆ ಬಾಲವಿಲ್ಲದ ನಿಜವಾದ ವಿಧಾನಗಳು ಹೊರಗೆ ನಿಲ್ಲುತ್ತವೆ. ನನ್ನ 280 ಕಾರ್ಡುಗಳಲ್ಲಿ ಪಶ್ಚಿಮ ಆಫ್ರಿಕಾದ ಯೊರುಬಾ ಜನರ ಇಫಾ ಪದ್ಧತಿ ಇರಲಿಲ್ಲ! 16 ತಾಳೆಬೀಜಗಳನ್ನು ಕೈಯಿಂದ ಕೈಗೆ ಹಾಯಿಸಿ, 256 ಆಕೃತಿಗಳಲ್ಲಿ ಬಂದ ಒಂದನ್ನು ಗುರುತಿಸಿ, ಅದಕ್ಕೆ ಸೇರಿದ ಪದ್ಯಗಳನ್ನು ಬಾಯಿಪಾಠದಿಂದ ಹೇಳುವ ಪುರೋಹಿತರು ಇಂದಿಗೂ ಇದ್ದಾರೆ. ಚೀಸಿಗೆ ಜಾಗ ಕೊಟ್ಟು ಇವರನ್ನು ಬಿಟ್ಟಿದ್ದೆ. ಅದು ನನಗೆ ಈಗಲೂ ನೋಯುತ್ತದೆ.

ಹೆಸರಿನಿಂದ ಆರಂಭಿಸಬೇಡಿ, ಕ್ರಿಯೆಯಿಂದ ಆರಂಭಿಸಿ. ಕೈಯಲ್ಲಿ ಏನಿದೆ, ಯಾರು ಓದುತ್ತಾರೆ, ಯಾವ ಬಗೆಯ ಪ್ರಶ್ನೆ, ನೋಡಿದವರು ಯಾರು, ಯಾವಾಗ? ಇದಕ್ಕೆ ನನ್ನ ಅಳತೆಗೋಲು ಚೀನಾದ ಆನ್ಯಾಂಗ್‌ನಲ್ಲಿ ಸಿಕ್ಕ ಶಾಂಗ್ ರಾಜವಂಶದ ಕಾಲದ ಮೂಳೆಗಳು. ಆಮೆಯ ಹೊಟ್ಟೆಚಿಪ್ಪಿನ ಅಥವಾ ಎತ್ತಿನ ಹೆಗಲಮೂಳೆಯ ಹಿಂಬದಿಯಲ್ಲಿ ಸಣ್ಣ ಗುಳಿಗಳನ್ನು ಕೊರೆದು, ಅಲ್ಲಿ ಕಾವು ಕೊಟ್ಟರೆ ಮುಂಬದಿಯಲ್ಲಿ ಬಿರುಕು ಬೀಳುತ್ತದೆ. ಆ ಬಿರುಕಿನ ಪಕ್ಕದಲ್ಲೇ ದಿನ, ಕೇಳಿದವನ ಹೆಸರು, ಪ್ರಶ್ನೆ, ಕೆಲವೊಮ್ಮೆ ಆಮೇಲೆ ನಡೆದದ್ದೇನು ಎಂಬುದನ್ನೂ ಕೆತ್ತಿದ್ದಾರೆ. ಮೂರು ಸಾವಿರ ವರ್ಷದ ಹಿಂದಿನ ಸಾಕ್ಷಿ ವಸ್ತುವಿನ ಮೇಲೆಯೇ ಇದೆ.

ಕಾಲವನ್ನಂತೂ ಬರೆಯಲೇಬೇಕು. ಟ್ಯಾರೋ 15ನೆಯ ಶತಮಾನದ ಇಟಲಿಯಲ್ಲಿ ಆಟದ ಎಲೆ. ಅದರಿಂದ ಭವಿಷ್ಯ ಹೇಳುವ ಪದ್ಧತಿ ಬೇರೂರಿದ್ದು 18ನೆಯ ಶತಮಾನದಲ್ಲಿ. ಪ್ರಾಚೀನ ಈಜಿಪ್ಟಿನದು ಎಂದು ಬರೆದ ಪಟ್ಟಿ ಕಂಡರೆ ಅದರ ಉಳಿದ ನಮೂದುಗಳನ್ನೂ ನಂಬಬೇಡಿ.

ನನ್ನ ಹೊಸ ಪಟ್ಟಿಯಲ್ಲಿ ಈಗ 61 ಕಾರ್ಡುಗಳಿವೆ, ಗೀಟುಗಳಿಲ್ಲ. ಬಲತುದಿಯಲ್ಲಿ ಸಾಕ್ಷಿಯ ಹೆಸರು ಮತ್ತು ಕಾಲ ಬರೆಯುತ್ತೇನೆ. ಚೀಸಿನ ಕಾರ್ಡನ್ನು ಬೇರೆ ಪೆಟ್ಟಿಗೆಯಲ್ಲಿ ಉಳಿಸಿಕೊಂಡಿದ್ದೇನೆ. ರಂಧ್ರದ ಸಾಲನ್ನು ಹೊಡೆದುಹಾಕಿ, ಅದರಡಿ "ಆರ್ಟೆಮಿಡೋರಸ್, 2ನೆಯ ಶತಮಾನ, ಹೆಸರು ಮಾತ್ರ" ಎಂದು ಬರೆದಿದ್ದೇನೆ.